ನಮ್ಮಪ್ಪನನ್ನು ಟಿ.ವಿ.ಗೆ ಕಳಿಸುವ ಮುನ್ನ

ಹೋದ ತಿಂಗಳು ಒಂದು ಶನಿವಾರ ಸಂಜೆ ಪಾಂಡವಪುರದಲ್ಲಿ ಬಸ್ಸು ಹತ್ತಿ, ಚಿನಕುರಳಿ ದಾಟಿ, ಕೆ.ಆರ್.ಪೇಟೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಜೋತುಬಿದ್ದು ಕಿಕ್ಕೇರಿ ಕಡೆಯ ನಮ್ಮ ಕೇರಿಗೆ ಹೋದೆ. ಸಾವಿಗಲ್ಲ, ಹಬ್ಬಕ್ಕಲ್ಲ. ಟಿ.ವಿ. ನೋಡೋಕೆ.

ನಗಬೇಡಿ. ನಾನು ಮೇಷ್ಟ್ರು ಕೆಲಸ ಮಾಡುವ ಪಾಂಡವಪುರದ ಬಾಡಿಗೆ ಮನೇಲೂ ಟಿ.ವಿ. ಇದೆ. ಆದರೆ ಅಕ್ಕನ ಮಗ ಫೋನು ಮಾಡಿದ್ದ. ಅವನು ಶ್ರೀರಂಗಪಟ್ಟಣದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಾನೆ. ಕಾಲೇಜು ಡೇಗೆ ಮಿಮಿಕ್ರಿ ಮಾಡಿ ಎರಡು ಸಲ ಕಪ್ಪು ತಂದವನೆ. "ಮಾವ, ಕಾಮಿಡಿ ಶೋದು ಹೊಸ ಸೀಸನ್ನು ಶುರುವಾಯ್ತಾ ಐತೆ. ಮುಂದ್ಲ ಆಡಿಷನ್‌ಗೆ ಮೈಸೂರಿಗೆ ನಾನೂ ಹೋಗ್ಬೇಕು ಅಂತಿವ್ನಿ. ಮೊದಲ ದಿನದ್ದು ಒಟ್ಗೆ ಕೂತು ನೋಡುವ ಬಾ. ಆಮೇಲೆ ನಂದೊಂದು ಸ್ಕಿಟ್ಟು ಐತೆ, ಅದ್ನೂ ನೋಡ್ಬುಡು" ಅಂದ. ಓದಿದ ಮಾವ ಒಬ್ಬ ಇದ್ದ ಮೇಲೆ ಇಂಥ ಕೆಲಸಕ್ಕೂ ಬೇಕಾಗುತ್ತಾನೆ.

ಆ ಕಾರ್ಯಕ್ರಮದ ಹೆಸರು, ಚಾನೆಲ್ಲಿನ ಹೆಸರು ಇಲ್ಲಿ ಬರೆಯುವುದಿಲ್ಲ. ಭಯಕ್ಕಲ್ಲ. ಒಬ್ಬರ ಮೇಲೆ ದೂರು ಹೇಳಿ ಮುಗಿಸುವ ವಿಷಯ ಇದಲ್ಲ.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ. 2016ರಲ್ಲಿ ಜೀ ಕನ್ನಡದಲ್ಲಿ 'ಕಾಮಿಡಿ ಕಿಲಾಡಿಗಳು' ಶುರುವಾಯಿತು. ತೀರ್ಪು ಹೇಳಲು ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ಕೂತರು. ಮಾಸ್ಟರ್ ಆನಂದ್ ನಡೆಸಿಕೊಟ್ಟರು. ಅದರಲ್ಲಿ ಒಬ್ಬ ಹುಡುಗ ಹೆಸರಿನ ಜೊತೆಗೆ ಊರನ್ನೂ ಹೊತ್ತುಕೊಂಡು ಬಂದ. ಶಿವರಾಜ್ ಕೆ.ಆರ್.ಪೇಟೆ. ಅಲ್ಲೀತನಕ ಕೆ.ಆರ್.ಪೇಟೆ ಅಂದರೆ ಪೇಪರಿನವರಿಗೆ ಹೇಮಾವತಿ ನಾಲೆಗೆ ನೀರು ಬಂತೋ ಇಲ್ಲವೋ ಅನ್ನುವಷ್ಟೇ ಸುದ್ದಿ. ಆಮೇಲೆ 2020ರ ಮೇ ತಿಂಗಳಲ್ಲಿ ಮುಂಬೈಗೆ ಹೊಟ್ಟೆಪಾಡಿಗೆ ಹೋಗಿದ್ದ ನಮ್ಮ ಜನ ಕೊರೊನಾಕ್ಕೆ ಹೆದರಿ ವಾಪಸು ಬಂದಾಗ ಇನ್ನೊಂದು ಸಲ ಹೆಸರು ಬಂತು, ರೋಗ ತಂದವರು ಅಂತ. ನಡುವೆ ಈ ಹುಡುಗ ನಿಂತು ನಮ್ಮ ಮಾತಲ್ಲೇ ಮಾತಾಡಿ ಇಡೀ ನಾಡನ್ನು ನಗಿಸಿದ. 2020ರಲ್ಲಿ 'ನಾನು ಮತ್ತು ಗುಂಡ' ಸಿನಿಮಾದಲ್ಲಿ ಆಟೋ ಓಡಿಸುವವನಾಗಿ, ಒಂದು ನಾಯಿಯ ಜೊತೆ ಬದುಕುವವನಾಗಿ ಅಳಿಸಿಯೂ ತೋರಿಸಿದ. ಅಕ್ಕನ ಮಗನ ತಲೆಗೆ ಹುಳ ಬಿಟ್ಟವನು ಅವನೇ. "ಅವ್ನು ನಮ್ ತಾಲೂಕೋನೇ ಕನ ಮಾವ" ಅನ್ನುತ್ತಾನೆ. ಅದಕ್ಕೆ ನನ್ನ ತಕರಾರಿಲ್ಲ.

ಯಾಕೆಂದರೆ ಈ ನಾಲಿಗೆಯಿಂದ ನಾನು ತಿಂದ ಪೆಟ್ಟು ನನಗೆ ಗೊತ್ತು. ಟ್ರೈನಿಂಗ್ ಓದುವಾಗ ಒಬ್ಬ ಮೇಷ್ಟ್ರು ನನ್ನನ್ನು ಎದ್ದು ನಿಲ್ಲಿಸಿ "ಹಾಲು ಅನ್ನಪ್ಪ" ಅನ್ನೋರು. ನಾನು "ಆಲು" ಅನ್ನೋನು. "ಅಕ್ಕಿ ಅನ್ನು" ಅನ್ನೋರು. ಹೆದರಿಕೆಗೆ "ಹಕ್ಕಿ" ಅಂತ ಬರೋದು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗೋದು. ದಿನಕ್ಕೊಂದು ಸಲ ನಡೆಯುತ್ತಿದ್ದ ಆ ನಗೆ ಕಾರ್ಯಕ್ರಮಕ್ಕೆ ನಾನೇ ನಟ, ಬಹುಮಾನ ಮಾತ್ರ ಇರಲಿಲ್ಲ. ಈಗ ಅದೇ ಅಕಾರ ಹಕಾರಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ಆದರೆ ಒಂದು ಮಾತು. ಈ ನಾಲಿಗೆಯಲ್ಲಿ ವಾರ್ತೆ ಓದಿದ್ದನ್ನು ನಾನು ನೋಡಿಲ್ಲ. ಬಜೆಟ್ ಬಗ್ಗೆ ಚರ್ಚೆ ಮಾಡಿದ್ದನ್ನು ನೋಡಿಲ್ಲ. ನಗಿಸುವ ಹೊತ್ತಿಗೆ ಮಾತ್ರ ನಮ್ಮ ಮಾತಿಗೆ ಬಾಗಿಲು ತೆಗೆಯುತ್ತಾರೆ. ಮುಗಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಾರೆ.

ಸರಿ, ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ.

ಅಕ್ಕನ ಮನೆ ನಡುಮನೆಯಲ್ಲಿ ಹನ್ನೊಂದು ಜನ ಕೂತಿದ್ದೆವು. ಮೂಲೆಯಲ್ಲಿ ಅವ್ವ ಗೋಡೆಗೊರಗಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಮೊದಲ ಅರ್ಧ ಗಂಟೆ ಬರೀ ದೀಪ, ಹೊಗೆ, ಕುಣಿತ. ಹೊಸ ಸೀಸನ್ನು ಅಂದ ಮೇಲೆ ಹಳೇ ಸೀಸನ್ನಿಗಿಂತ ಹೊಗೆ ಜಾಸ್ತಿ ಬಿಡಬೇಕು ಅಂತ ಕಾಣುತ್ತದೆ. ಆಮೇಲೆ ಹಳ್ಳಿಯ ಸೆಟ್ಟು ಬಂತು. ತುಳಸಿಕಟ್ಟೆ ಇದೆ, ಅರಳಿಕಟ್ಟೆ ಇದೆ, ಹುಲ್ಲಿನ ಮೆದೆ ಇದೆ, ಬಣ್ಣ ಬಳಿದ ಗಾಡಿ ಚಕ್ರ ಇದೆ. ಎಷ್ಟು ಹುಡುಕಿದರೂ ಕೇರಿ ಇಲ್ಲ. ಹಳ್ಳಿ ಅಂದರೆ ಅವರ ಕಣ್ಣಿಗೆ ಅಷ್ಟೇ ಬಿದ್ದಿರುವುದು. ಆದರೆ ಕೇರಿ ಇಲ್ಲದ ಆ ಹಳ್ಳಿಗೆ ಕೇರಿಯ ಮನುಷ್ಯ ಮಾತ್ರ ಬಂದ. ಮುಖಕ್ಕೆ ಮಸಿ ಬಳಿದುಕೊಂಡು, ಹರಿದ ಬನಿಯನ್ನು ಹಾಕಿಕೊಂಡು, ಕುಡಿದು ತೂರಾಡಿಕೊಂಡು ಬಂದ. ಹೆಸರು ಕರಿಯ. ಅವನ ಹೆಂಡತಿ ಪಾತ್ರಕ್ಕೆ ಸೀರೆ ಉಟ್ಟ ಗಂಡಸು. ಅವಳು ಹೊಡೆಯುತ್ತಾಳೆ, ಅವನು ಬೀಳುತ್ತಾನೆ, ಎದ್ದು ಊರ ಯಜಮಾನನಿಗೆ "ಬುದ್ಧೀ" ಅಂತ ಅಡ್ಡಬೀಳುತ್ತಾನೆ. ಅಡ್ಡಬಿದ್ದವನು ಹಂಗೇ ನಿದ್ದೆ ಹೋಗುತ್ತಾನೆ. ತೀರ್ಪುಗಾರರು ಮೇಜು ಬಡಿದು ನಕ್ಕರು. ಮನೆಯಲ್ಲೂ ನಕ್ಕರು. ನಿಜ ಹೇಳಬೇಕಲ್ಲ, ನಾನೂ ನಕ್ಕೆ. ಆ ನಟ ಬೀಳುವುದರಲ್ಲಿ ಪಳಗಿದವನು. ಅವನು ಬೀಳುವಾಗ ನಗು ತಡೆಯುವುದು ಕಷ್ಟ. ನಕ್ಕ ಮೇಲೆ ಬಾಯಿ ಕಹಿಯಾಯಿತು.

ಆ ರಾತ್ರಿ ನಿಜವಾಗಿ ಚೆನ್ನಾಗಿದ್ದದ್ದು ಮೂರನೆಯದು, ಒಬ್ಬ ಹುಡುಗಿ ಒಬ್ಬಳೇ ಮಾಡಿದ್ದು. ಗಾರ್ಮೆಂಟ್ಸಿಗೆ ಹೋಗುವವಳ ವೇಷ. ಅವಳೇ ಕೆಲಸದವಳು, ಅವಳೇ ಸೂಪರ್‌ವೈಸರ್. ಬಚ್ಚಲಿಗೆ ಹೋದವಳು ಎಷ್ಟು ನಿಮಿಷಕ್ಕೆ ಬಂದಳು ಅಂತ ವಾಚು ನೋಡುತ್ತಾ, ಅವಳು ಬರುವಷ್ಟರಲ್ಲಿ ಎಷ್ಟು ಕಾಲರು ಹೊಲಿಯಬಹುದಿತ್ತು ಅಂತ ಬೆರಳಲ್ಲಿ ಲೆಕ್ಕ ಹಾಕುತ್ತಾ, ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸುವ ಸೂಪರ್‌ವೈಸರ್. ಬೆಳಗಾಗುವ ಮೊದಲೇ ವ್ಯಾನು ಹತ್ತಿ ಹೋಗುವ ಎರಡು ಹೆಣ್ಣುಮಕ್ಕಳು ನಮ್ಮ ಜೊತೆ ಕೂತಿದ್ದರು. ಅವರು ನಕ್ಕ ನಗು ಬೇರೆ ಥರ ಇತ್ತು. ಒಬ್ಬಳು ಇನ್ನೊಬ್ಬಳ ತೊಡೆಗೆ ಹೊಡೆದು "ಅವ್ನೇ ಕಣೇ, ಅವ್ನೇ!" ಅಂದಳು. ಟಿ.ವಿ.ಯೊಳಗೆ ಮಾತ್ರ ನಗು ಅಷ್ಟಕ್ಕಷ್ಟೆ. ತೀರ್ಪು ಹೇಳುವವರು, ಪ್ರಯತ್ನ ಚೆನ್ನಾಗಿದೆ, ಕಾಮಿಡಿ ಇನ್ನೂ ಸ್ವಲ್ಪ ಬೇಕಿತ್ತು ಅಂದರು. ನಮ್ಮ ನಡುಮನೆಯಲ್ಲಿ ಬೇಕಾದಷ್ಟಿತ್ತು.

ಈ ಸ್ಕಿಟ್ಟು ಅನ್ನೋದು ಟಿ.ವಿ.ಯವರು ಕಂಡುಹಿಡಿದದ್ದಲ್ಲ. ಹಗಲುವೇಷದವರು ಬಣ್ಣ ಹಚ್ಚಿಕೊಂಡು ಮನೆಮನೆ ಮುಂದೆ ನಿಂತು ಇದನ್ನೇ ಮಾಡುತ್ತಿದ್ದರು. ನಾಗಮಂಗಲ ಸೀಮೆಯ ಮೂಡಲಪಾಯದಲ್ಲಿ ರಾಜ ಮಂತ್ರಿಗಳ ನಡುವೆ ಕೋಡಂಗಿ ಕುಣಿಯುತ್ತಾನೆ. ಬೇರೆಯವರು ಕೇಳಲಾರದ್ದನ್ನು ಕೋಡಂಗಿ ಕೇಳಬಹುದು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಗೊತ್ತು, ಅಷ್ಟು ಹಸಿವಿನ ಪುಸ್ತಕದಲ್ಲಿ ಅಷ್ಟೊಂದು ನಗು ಎಲ್ಲಿಂದ ಬಂತು ಅಂತ ಆಶ್ಚರ್ಯವಾಗುತ್ತದೆ. ಡಿ.ಆರ್. ನಾಗರಾಜ್ ಅದನ್ನು ಬಡವರ ನಗುವಿನ ಶಕ್ತಿ ಅಂತ ಗುರುತಿಸಿದರು. ನಾನು ಆ ಮಾತನ್ನು ಓದುವ ಬಹಳ ಮೊದಲೇ ಆ ಶಕ್ತಿಯನ್ನು ನಮ್ಮ ಕೇರಿ ಬೀದಿಯಲ್ಲಿ ಕಂಡಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಟಿ.ವಿ. ಆರಿಸಿದ ಮೇಲೆ ಅಕ್ಕನ ಮಗ ಎದ್ದ. "ಈಗ ನಂದು" ಅಂದ. ಹೆಸರು 'ತಮಟೆ ತಾತ'.

ತಾತ ಅಂದರೆ ನಮ್ಮಪ್ಪ. ಇವನು ಹುಟ್ಟುವ ಹೊತ್ತಿಗೆ ಅಪ್ಪ ಇರಲಿಲ್ಲ. ಅಕ್ಕ ಹೇಳಿದ ಕತೆಗಳಿಂದಲೇ ಕಲಿತಿದ್ದಾನೆ. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ತಮಟೆ ಅಂತ ಒಂದು ತಟ್ಟೆ. ತೂರಾಡಿಕೊಂಡು ಸಾವಿನ ಮನೆಗೆ ಬರುತ್ತಾನೆ. ಹೆಣದ ಮುಂದೆ ನಿಂತು ಎರಡೇಟು ಹಾಕುತ್ತಾನೆ, ನಿಲ್ಲಿಸುತ್ತಾನೆ, ಸಾರಾಯಿ ಕೇಳುತ್ತಾನೆ. ಕೊಟ್ಟರೆ ಮತ್ತೆ ಎರಡೇಟು. ಕೊನೆಗೆ ಹೆಣವೇ ಎದ್ದು ಕೂತು "ನಂಗೂ ವಸಿ ಉಯ್ಯಿ" ಅನ್ನುತ್ತದೆ. ಹುಡುಗನ ಟೈಮಿಂಗು ಚೆನ್ನಾಗಿದೆ. ಆ ಎಡಗಾಲು ಎಳೆದು ನಡೆಯುವ ನಡಿಗೆ ಅಪ್ಪನದೇ. ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಹಿಂಗೇ ಅಲ್ವಾ ನಡೀತಿದ್ದುದು!" ಅಂದಳು. ನಗುನಗುತ್ತಲೇ ಸೆರಗಿಂದ ಕಣ್ಣು ಒರೆಸಿಕೊಂಡು ಒಳಕ್ಕೆ ಹೋದಳು.

ಅವ್ವ ನಗಲಿಲ್ಲ. ಕುಟ್ಟಾಣಿ ಪಕ್ಕಕ್ಕಿಟ್ಟು ಹೇಳಿದಳು: "ಮೂರು ದಿನ ಬಾವೀಲಿದ್ದ ಹೆಣ ಎತ್ತಿದೋನು ಅಂವ. ಊರೋರೆಲ್ಲಾ ಮೂಗು ಮುಚ್ಕೊಂಡು ಮಾರು ದೂರ ನಿಂತಿದ್ರು. ಕುಡೀದೆ ಇದ್ದಿದ್ರೆ ಅದರ ಹತ್ರ ಯಾರ್ಲಾ ನಿಂತಿರೋರು? ನಿನ್ ಟಿ.ವಿ.ಯೋರು ನಿಂತಿರೋರಾ?"

ಯಾರೂ ಮಾತಾಡಲಿಲ್ಲ. ತಮಟೆಗೆ, ಗುಂಡಿ ತೋಡಿದ್ದಕ್ಕೆ, ಸತ್ತ ದನ ಎಳೆದದ್ದಕ್ಕೆ ಅಪ್ಪನಿಗೆ ಕೂಲಿ ಅಂತ ಸಿಗುತ್ತಿದ್ದುದು ಪುಡಿಗಾಸು, ಮೇಲೆ ಸಾರಾಯಿ ಪ್ಯಾಕೆಟ್ಟು. ಕೆಲಸ ಮಾಡಿಸಿದವರೇ ಕುಡಿಸಿದರು. ಕುಡಿದದ್ದಕ್ಕೆ ಅವರೇ ನಕ್ಕರು. ಸರ್ಕಾರ ಸಾರಾಯಿ ನಿಲ್ಲಿಸಿದ್ದು 2007ರ ಜುಲೈ 1ರಿಂದ. ಅಪ್ಪನಿಗೆ ಅದು ಎಟುಕಲಿಲ್ಲ.

ನಾನು ಹುಡುಗನಿಗೆ ಡೇವ್ ಶಪೆಲ್ ಕತೆ ಹೇಳಿದೆ. ಅಮೆರಿಕದ ಕರಿಯ ನಟ. 2003ರಲ್ಲಿ ಟಿ.ವಿ.ಯಲ್ಲಿ ಇಂಥದೇ ಸ್ಕಿಟ್ಟುಗಳ ಕಾರ್ಯಕ್ರಮ ಶುರು ಮಾಡಿ ದೇಶವನ್ನೇ ನಗಿಸಿದವನು. 2005ರಲ್ಲಿ ಮೂರನೆಯ ಸೀಸನ್ನಿನ ಕೆಲಸ ನಡೆಯುತ್ತಿರುವಾಗಲೇ ಕೋಟ್ಯಂತರ ಡಾಲರಿನ ಒಪ್ಪಂದ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೊರಟುಹೋದ. ಯಾಕೆ ಅಂತ ಆಮೇಲೆ ಅವನೇ ಹೇಳಿಕೊಂಡ. ಕರಿಯರನ್ನು ಬಿಳಿಯರು ಹಿಂದೆ ಹೇಗೆ ಆಡಿಕೊಂಡು ನಗುತ್ತಿದ್ದರೋ ಅದನ್ನೇ ಲೇವಡಿ ಮಾಡಲು ಮುಖಕ್ಕೆ ಮಸಿ ಬಳಿದ ಪಾತ್ರವೊಂದನ್ನು ಮಾಡುತ್ತಿದ್ದ. ಅಲ್ಲಿ ಕೆಲಸಕ್ಕಿದ್ದ ಒಬ್ಬ ಬಿಳಿಯ ನಕ್ಕ ನಗು ಅವನಿಗೆ ಸರಿ ಕಾಣಲಿಲ್ಲ. ಈತ ನನ್ನ ಜೊತೆ ನಗುತ್ತಿದ್ದಾನೋ, ನನ್ನನ್ನು ನೋಡಿ ನಗುತ್ತಿದ್ದಾನೋ ಅನ್ನುವ ಗುಮಾನಿ ಒಳಗೆ ಹೊಕ್ಕಿತು.

ಹುಡುಗ ಪೂರ್ತಿ ಕೇಳಿಸಿಕೊಂಡ. "ಅವನತ್ರ ದುಡ್ಡಿತ್ತು ಮಾವ, ಬುಟ್ಟೋದ. ನಾನಿನ್ನೂ ಒಳೀಕೇ ಹೋಗಿಲ್ಲ" ಅಂದ.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಘಟನೆ ಸಭೆಗಳಲ್ಲಿ ನಾವು ಬೇಕಾದಷ್ಟು ಉತ್ತರ ಇಟ್ಟುಕೊಂಡಿರುತ್ತೇವೆ. ಇಪ್ಪತ್ತು ವರ್ಷದ ಹುಡುಗ ಕಣ್ಣೆದುರು ನಿಂತಾಗ ಅವು ಕೈಗೆ ಸಿಗುವುದಿಲ್ಲ. ಹೋಗಬೇಡ ಅನ್ನುವ ಹಕ್ಕು ನನಗಿಲ್ಲ. ಹೋಗು ಅಂದರೆ ಅಪ್ಪನನ್ನು ಇನ್ನೊಂದು ಸಲ ಮೇಜು ಬಡಿಯುವವರ ಮುಂದೆ ಬೀಳಿಸಿದಂತೆ. ಅದಕ್ಕೆ ಅಕ್ಕ ಅವನಿಗೆ ಹೇಳದೆ ಬಿಟ್ಟಿದ್ದ ಕತೆಯನ್ನು ನಾನು ಹೇಳಿದೆ.

ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾದರೂ ನಮ್ಮೂರಿಗೆ ಮೊದಲ ಟಿ.ವಿ. ಬಂದದ್ದು ರಾಮಾಯಣದ ಕಾಲಕ್ಕೆ, 1987ರಲ್ಲಿ. ಊರೊಳಗೆ ಗೌಡರ ಮನೆಗೆ. ನಮಗೆ ಜಗಲಿ ಹತ್ತುವಂತಿರಲಿಲ್ಲ. ಬೀದಿ ಕಡೆಯ ಕಿಟಕಿ ಹೊರಗೆ ನಿಂತು ನೋಡಬೇಕು. ಕಾಣುತ್ತಿದ್ದುದು ಅರ್ಧ ಟಿ.ವಿ., ಮಿಕ್ಕಿದ್ದೆಲ್ಲ ನೋಡುವವರ ಬೆನ್ನು. ಮಾತು ಹಿಂದಿ, ಒಳಗಿದ್ದವರಿಗೂ ತಿಳಿಯದು. ಒಂದು ಭಾನುವಾರ ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದೆ. ಅವತ್ತು ರಾತ್ರಿ ಕೇರಿಯ ಬೇವಿನ ಮರದ ಕೆಳಗೆ ಅಪ್ಪ ರಾಮಾಯಣ ಆಡಿ ತೋರಿಸಿದ. ರಾಮನ ಪಾತ್ರ ಅಲ್ಲ, ರಾವಣನ ಪಾತ್ರವೂ ಅಲ್ಲ. ರಾಮಾಯಣ ನೋಡುವ ಗೌಡನ ಪಾತ್ರ.

ಟಿ.ವಿ.ಗೆ ಹೂವಿನ ಹಾರ ಹಾಕುವ ಗೌಡ. ಕಾಯಿ ಒಡೆದು, ಕರ್ಪೂರ ಹಚ್ಚಿ, ತಟ್ಟೆ ಎತ್ತುವಷ್ಟರಲ್ಲಿ ರಾಮ ಹೋಗಿ ಸೋಪಿನ ಜಾಹೀರಾತು ಬಂದುಬಿಡುತ್ತದೆ. ಮೈ ತೊಳೆಯುವ ಹೆಂಗಸಿಗೆ ಮಂಗಳಾರತಿ ಎತ್ತಬೇಕೋ ಬೇಡವೋ ತಿಳಿಯದೆ ಗೌಡ ಕಣ್ಣು ಮುಚ್ಚಿಕೊಳ್ಳುತ್ತಾನೆ, ಅರ್ಧ ಕಣ್ಣು. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಕತ್ತಲಲ್ಲಿ ತಟ್ಟೆ ಹಿಡಿದುಕೊಂಡೇ ನಿಂತು, ಕಿಟಕಿ ಕಡೆ ತಿರುಗಿ "ಯಾವನ್ಲಾ ಅಂವ, ಕಿಟಕಿ ಮುಟ್ಟಿದೋನು? ಅದ್ಕೇ ಕರೆಂಟು ಹೋದದ್ದು!" ಅಂತ ಗದರುತ್ತಾನೆ.

ಮರದ ಕೆಳಗೆ ಕೂತಿದ್ದವರು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ದನಿ ಊರೊಳಕ್ಕೆ ಹೋಗಬಾರದಲ್ಲ. ಕೇರಿ ಬಾಯಲ್ಲಿ ಇಬ್ಬರು ಹುಡುಗರನ್ನು ಕಾವಲು ನಿಲ್ಲಿಸಿದ್ದರು. ಅಪ್ಪ ಅವತ್ತು ಒಂದು ತೊಟ್ಟೂ ಕುಡಿದಿರಲಿಲ್ಲ.

ಅಕ್ಕನ ಮಗ ಬಿದ್ದು ಹೊರಳಾಡಿ ನಕ್ಕ. "ಇದ್ನ ಯಾಕವ್ವಾ ನಂಗೆ ಹೇಳ್ನಿಲ್ಲ?" ಅಂತ ಒಳಗಿದ್ದ ಅಕ್ಕನನ್ನು ಕೇಳಿದ. ಅವಳು ಉತ್ತರ ಕೊಡಲಿಲ್ಲ. ಅವನು ಎದ್ದು ಕೂತು ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಮಾವ, ಗೌಡ ಟಿ.ವಿ.ಗೆ ಮಂಗಳಾರತಿ ಮಾಡೋದ್ನ ಟಿ.ವಿ.ಯೋರು ಹಾಕ್ತಾರಾ?"

"ಗೊತ್ತಿಲ್ಲ ಕಣ್ಲಾ" ಅಂದೆ.

ತಮಟೆಯಾಗಿದ್ದ ತಟ್ಟೆಯನ್ನೇ ಎತ್ತಿಕೊಂಡು ಬೀದಿಗೆ ಹೋದ. ದೀಪದ ಕಂಬದ ಕೆಳಗೆ ನಿಂತು, ಪಂಚೆ ಎತ್ತಿ ಕಟ್ಟಿ, ಹೊಟ್ಟೆ ಮುಂದಕ್ಕೆ ಬಿಟ್ಟು ಗೌಡನ ನಡಿಗೆ ನಡೆದು ನೋಡಿದ. ಮೊದಲ ಸಲ ಬರಲಿಲ್ಲ. ಎರಡನೇ ಸಲ ಬಂತು. ತಟ್ಟೆ ಎತ್ತಿ, ಅರ್ಧ ಕಣ್ಣು ಮುಚ್ಚಿದ. ಎದುರು ಮನೆ ಮುದುಕಿ ಬಾಗಿಲಿಗೆ ಬಂದು ನಿಂತವಳು ಫಕ್ಕನೆ ನಕ್ಕಳು. ಗಾರ್ಮೆಂಟ್ಸಿನ ಹುಡುಗಿಯರೂ ಬಂದರು. ನಗು ಜೋರಾಯಿತು. ಅಕ್ಕ ಒಳಗಿಂದ ಓಡಿ ಬಂದು, ಊರ ಕಡೆಯ ದಾರಿಯನ್ನು ಒಂದು ಸಲ ನೋಡಿ, "ಮೆತ್ತಗೆ ನಗ್ರೋ" ಅಂದಳು.