ತವರಿನ ಚಹಾ, ಅತ್ತೆಮನೆಯ ಚಹಾ

ದೀಪಾವಳಿ ಕಳೆದು ಚಳಿ ಕಾಲಿಟ್ಟಿತೆಂದರೆ ನಮ್ಮ ಬೀದರ್ ಜಿಲ್ಲೆಯಲ್ಲಿ ಎರಡು ಬೆಳೆ ಒಟ್ಟಿಗೇ ಬರುತ್ತವೆ: ಹೊಲದಲ್ಲಿ ತೊಗರಿ, ಮನೆಯಲ್ಲಿ ನೆಗಡಿ. ಈ ಕಡೆ ಬರೀ ಬಿಸಿಲು ಎಂದುಕೊಂಡು ಬೆಂಗಳೂರಿನಿಂದ ತೆಳು ಅಂಗಿಯಲ್ಲಿ ಬಂದವರಿಗೆ ಡಿಸೆಂಬರಿನ ಹುಮನಾಬಾದ್ ಬಸ್‌ನಿಲ್ದಾಣ ಬೆಳಗಿನ ಜಾವವೇ ಬುದ್ಧಿ ಕಲಿಸುತ್ತದೆ. ಅದೇ ಹೊತ್ತಿಗೆ ಮಾಣಿಕನಗರದಲ್ಲಿ ದತ್ತ ಜಯಂತಿಯ ಉತ್ಸವ, ಸಂಗೀತ ದರ್ಬಾರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಜನವರಿ, ವೀರಭದ್ರೇಶ್ವರ ಜಾತ್ರೆ. ರಾತ್ರಿ ಇಬ್ಬನಿ, ಹಗಲು ಧೂಳು, ನಡುವೆ ಸಿಕ್ಕಸಿಕ್ಕಲ್ಲಿ ಮಿರ್ಚಿ ಭಜಿ. ಜಾತ್ರೆ ಮುಗಿಸಿ ಬಂದ ಅರ್ಧ ಊರಿನ ಗಂಟಲು ಕೂತಿರುತ್ತದೆ. ಆಗ ಅರಿಶಿಣದ ಚಹಾ ಒಲೆಯೇರಬೇಕು.

ಯಾವ ಅರಿಶಿಣದ ಚಹಾ ಎನ್ನುವುದೇ ತಕರಾರು. ನನ್ನ ತವರು ಬಸವಕಲ್ಯಾಣ, ಕೊಟ್ಟ ಮನೆ ಹುಮನಾಬಾದ್. ನಡುವೆ ಇರುವುದು ಪುಣೆ–ಹೈದರಾಬಾದ್ ಹೆದ್ದಾರಿಯ ಒಂದು ತುಂಡು, ಸಸ್ತಾಪುರ ಬಂಗ್ಲಾದ ಒಂದು ತಿರುವು. ಅಷ್ಟರಲ್ಲೇ ಚಹಾದ ಬಣ್ಣ ಬದಲಾಗಿಬಿಡುತ್ತದೆ.

ತವರಲ್ಲಿ ಅದನ್ನು ಮಾಡುತ್ತಿದ್ದವಳು ಆಯಿ. ಚಹಾಪುಡಿ ಇಲ್ಲ, ಹಾಲಿಲ್ಲ. ಎರಡು ಲೋಟ ನೀರು ಒಲೆಯ ಮೇಲಿಟ್ಟು, ಹಸಿ ಅರಿಶಿಣದ ಒಂದು ಗೆಣ್ಣು ಮತ್ತು ಅಷ್ಟೇ ಉದ್ದದ ಹಸಿ ಶುಂಠಿಯನ್ನು ಖಲಬತ್ತಾದಲ್ಲಿ ಜಜ್ಜಿ ಹಾಕುವಳು. ನಾಲ್ಕೈದು ಕರಿಮೆಣಸು ಒಡೆದು ಬೀಳಬೇಕು, ನುಣ್ಣಗಾಗಬಾರದು. ಹಸಿ ಕೊಂಬು ಸಿಗದ ತಿಂಗಳಲ್ಲಿ ಅರ್ಧ ಚಮಚ ಪುಡಿ. ಸಣ್ಣ ಉರಿಯಲ್ಲಿ ಕುದಿಕುದಿದು ಎರಡು ಲೋಟ ಒಂದೂವರೆಗೆ ಇಳಿಯುವತನಕ ಆಕೆ ಒಲೆ ಬಿಟ್ಟು ಏಳುತ್ತಿರಲಿಲ್ಲ. ಇಳಿಸಿದ ಮೇಲೆ ಬೆಲ್ಲ. ಕೊನೆಗೆ ತುಪ್ಪದ ಎರಡು ಹನಿ. ಅದು ಮೇಲೆ ಚಿನ್ನದ ಬಣ್ಣದ ಸಣ್ಣ ಸಣ್ಣ ವೃತ್ತಗಳಾಗಿ ತೇಲುವುದು. ಮುಖ ಕಿವಿಚಿದರೆ, “ಔಷಧ ಅಂತ ಕುಡೀಬ್ಯಾಡ, ಚಹಾ ಅಂತ ಕುಡಿ” ಎನ್ನುವಳು. ಚಹಾದ ಆಸೆಗೆ ಬಿದ್ದು ಕುಡಿದವರಿಗೆ ಮಾತ್ರ ಅದು ಔಷಧವೆಂದೇ ಗೊತ್ತಾಗುತ್ತಿತ್ತು.

ಹುಮನಾಬಾದಿನಲ್ಲಿ ಮೊದಲ ಚಳಿಗಾಲಕ್ಕೆ ಇದನ್ನೇ ಮಾಡಿಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಬರೇ ನೀರು ಕುದಿಸಿ ಕೊಟ್ರ ಅದೇನ್ ಚಹಾ ಆಗ್ತದವ್ವ?” ಅವರದು ಹಾಲಿನ ಲೆಕ್ಕ: ಅರ್ಧ ಹಾಲು, ಅರ್ಧ ನೀರು, ಪುಡಿ ಅರಿಶಿಣ, ಶುಂಠಿ, ಸಕ್ಕರೆ. ಮೆಣಸು ಬೇಡ, ಉಷ್ಣ. ನಮ್ಮ ತವರಿನವರ ಪ್ರಕಾರ ಹಾಲು ಹಾಕಿದರೆ ಕಫ. ಹೀಗೆ ಒಂದು ಸಣ್ಣ ಪಾತ್ರೆಯ ಸುತ್ತ ಎರಡು ತಾಲ್ಲೂಕು ಎದುರುಬದುರು ನಿಂತವು. ನಾನು ಜಾಣತನ ಮಾಡಿ ಹಾಲಿಗೆ ಬೆಲ್ಲ ಹಾಕಿ ಕುದಿಸಿದರೆ ಹಾಲು ಒಡೆಯಿತು. ಅತ್ತೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಈ ಜಗಳದಲ್ಲಿ ತೀರ್ಪು ಕೊಡಬಹುದಾದ ಪ್ರಯೋಗವೊಂದು ನಮ್ಮ ರಾಜ್ಯದಲ್ಲೇ ನಡೆದಿತ್ತು. ಅರಿಶಿಣದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ, ಜಿಡ್ಡಿನಲ್ಲಿ ಕರಗುತ್ತದೆ. ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ, ಮನುಷ್ಯರಲ್ಲಿ ಅದು ದೇಹಕ್ಕೆ ಒದಗುವ ಪ್ರಮಾಣ ಶೇ 2000ದಷ್ಟು ಏರಿತ್ತು. ಜಗತ್ತಿನಾದ್ಯಂತ ಅರಿಶಿಣದ ಮಾತ್ರೆಗಳಿಗೆ ಮೆಣಸಿನ ಸಾರ ಸೇರಿಸುವವರು ಇವತ್ತಿಗೂ ಇದನ್ನೇ ತೋರಿಸುತ್ತಾರೆ. ಅಂದರೆ ಆಯಿಯ ಮೆಣಸೂ ಸರಿ, ತುಪ್ಪದ ಹನಿಯೂ ಸರಿ, ಅತ್ತೆಯ ಹಾಲಿನ ಕೆನೆಯೂ ಸರಿ. ನಾನು ಇದನ್ನು ಹೇಳಿದಾಗ ಅತ್ತೆ, “ಮೆಣಸಿಗಿ ಅಷ್ಟು ಖರ್ಚು ಮಾಡಿ ಕಾಲೇಜು ಯಾಕ ಬೇಕಿತ್ತು” ಎಂದರು.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ಮಾತ್ರೆ ಮಾರುವವರು ಹೇಳುವುದಿಲ್ಲ. ಅರಿಶಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು ಪಾಲು. ಅರ್ಧ ಚಮಚ ಎಂದರೆ ಒಂದೂವರೆ ಗ್ರಾಂ ಹಿಡಿಯಿರಿ. ಅದರಲ್ಲಿ ಸಿಕ್ಕೀತು ನಲವತ್ತೈದು ಮಿಲಿಗ್ರಾಂ. ಆ ಅಧ್ಯಯನದ 2 ಗ್ರಾಂ ಮುಟ್ಟಬೇಕಾದರೆ ಒಬ್ಬ ಮನುಷ್ಯ ನಲವತ್ತಕ್ಕೂ ಹೆಚ್ಚು ಲೋಟ ಅರಿಶಿಣದ ಚಹಾ ಕುಡಿಯಬೇಕು. ಅದರಲ್ಲೂ ಅರ್ಧ ತಳದಲ್ಲೇ ಕೂರುತ್ತದೆ. ಕೊನೆಯ ಗುಟುಕಿನ ಆ ಹಳದಿ ರಾಡಿ ಯಾರಿಗೆ ಇಷ್ಟ? ಕರ್ಕ್ಯುಮಿನ್ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ 2017ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ಬರೆದ ವಿಮರ್ಶೆಯಂತೂ ಇದು ಔಷಧವಾಗಿ ನಿಲ್ಲುವ ಲಕ್ಷಣ ಕಾಣುವುದಿಲ್ಲ ಎಂದೇ ಹೇಳಿತು. ಹಾಗಾದರೆ ನಮ್ಮ ಗಂಟಲು ಸಡಿಲಾಗುವುದು ಯಾತರಿಂದ? ನನ್ನ ಅನಿಸಿಕೆ: ಬಿಸಿನೀರಿನಿಂದ, ಶುಂಠಿಯ ಖಾರದಿಂದ, ಬೆಲ್ಲದ ಸಿಹಿಯಿಂದ, ಮತ್ತು ಒಂದು ಗಂಟೆ ಸುಮ್ಮನೆ ಕೂತು ಕುಡಿಯುವುದರಿಂದ. ಅರಿಶಿಣದ ಪಾಲು ಎಷ್ಟೆಂದು ಹೇಳಲಾರೆ, ಹೆಸರು ಮಾತ್ರ ಅದರದು.

ಹಾಗೆ ನೋಡಿದರೆ ಲೋಟದೊಳಗಿನ ನಿಜವಾದ ಊರಿನ ಮಗಳು ಶುಂಠಿ. ಕೃಷಿ ವಿಜ್ಞಾನಿಗಳ ತಳಿ ಪಟ್ಟಿಯಲ್ಲಿ ‘ಹುಮನಾಬಾದ್ ಲೋಕಲ್’ ಎಂಬ ಶುಂಠಿಯೇ ಇದೆ. ಅರಿಶಿಣಕ್ಕೆ ನಾವು ಅಕ್ಕಪಕ್ಕದವರ ಕಡೆ ನೋಡಬೇಕು. ಒಂದು ದಿಕ್ಕಿಗೆ ಸಾಂಗ್ಲಿ, ಇನ್ನೊಂದು ದಿಕ್ಕಿಗೆ ಹಿಂಗೋಲಿಯ ವಸ್ಮತ್, ಮತ್ತೊಂದು ದಿಕ್ಕಿಗೆ ನಿಜಾಮಾಬಾದ್. 2025ರಲ್ಲಿ ಶುರುವಾದ ರಾಷ್ಟ್ರೀಯ ಅರಿಶಿಣ ಮಂಡಳಿಯ ಕೇಂದ್ರ ಕಚೇರಿ ಇರುವುದೂ ನಿಜಾಮಾಬಾದಿನಲ್ಲೇ. ಕರ್ನಾಟಕದಲ್ಲಿ ಅರಿಶಿಣ ಎಂದರೆ ಚಾಮರಾಜನಗರ. ಅದು ನಮಗೆ ನಿಜಾಮಾಬಾದಿಗಿಂತ ಎಷ್ಟೋ ದೂರ. ಮೆಣಸು ಮಲೆನಾಡಿನದು, ಬೆಲ್ಲ ನಮ್ಮ ಕಬ್ಬಿನದು.

ಊರ ಅಭಿಮಾನಕ್ಕೆ ಒಂದು ಮಾತು ಸೇರಿಸಿಬಿಡುತ್ತೇನೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಮುಗಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆಗೆಂದೇ ಒಂದು ಭಾಗವಿದೆ, ಬೇಳೆಗಳ ಅಡುಗೆಗೆ ಅರಿಶಿಣ, ಇಂಗು ಕೂಡಿಸುವ ಮಾತು ಅಲ್ಲಿ ಬರುತ್ತದೆ. ಮುಂದೆ ಬಸವಣ್ಣನವರ ಕಾಲದ ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣನವರಿದ್ದರು. ವೃತ್ತಿಯಿಂದ ವೈದ್ಯರು, ರೋಗ ಔಷಧಗಳ ಮಾತಿನಲ್ಲೇ ವಚನ ಬರೆದವರು. ಇಷ್ಟು ಹೇಳಿದೆನೆಂದು ಅರಿಶಿಣದ ಚಹಾ ಅನುಭವ ಮಂಟಪದಲ್ಲೇ ಹುಟ್ಟಿತು ಎಂದು ಯಾರೂ ಫಾರ್ವರ್ಡ್ ಮಾಡಬೇಡಿ.

ಫಾರ್ವರ್ಡ್ ಮಾಡುವವರ ಮೊದಲು ನಮ್ಮಲ್ಲಿ ಬಸ್ಸಿನವರಿದ್ದರು, ಈಗಲೂ ಇದ್ದಾರೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ಜೋರಾಗಿ ಕೆಮ್ಮಿ ನೋಡಿ. ಮುಂದಿನ ಸೀಟಿನ ಮರಾಠಿ ಅಜ್ಜಿ ಹಳದಿ ಹಾಕಿದ ಹಾಲು ಎನ್ನುತ್ತಾರೆ. ಕಿಟಕಿ ಪಕ್ಕದ ಚಾಚಾ ಅದೆಲ್ಲ ಬಿಡಿ, ಜೋಶಾಂದಾ ಕುದಿಸಿ ಕುಡಿಯಿರಿ ಎನ್ನುತ್ತಾರೆ. ಹಿಂದಿನಿಂದ ಯಾರೋ ಅಜಿವಾನ ಬಟ್ಟೆಯಲ್ಲಿ ಕಟ್ಟಿ ಮೂಸಲು ಹೇಳುತ್ತಾರೆ. ಕಂಡಕ್ಟರ್ ಒಬ್ಬನೇ ಚಿಲ್ಲರೆ ಎಣಿಸುತ್ತ, “ಎರಡು ಗುಳಿಗಿ ತಗೊಂಡು ಮಲ್ಕೋರಿ” ಎಂದು ವಿಷಯ ಮುಗಿಸುತ್ತಾನೆ. ಸಸ್ತಾಪುರ ಬಂಗ್ಲಾ ಬರುವಷ್ಟರಲ್ಲಿ ಮೂರು ಭಾಷೆಯಲ್ಲಿ ಚಿಕಿತ್ಸೆ ಸಿಕ್ಕಿರುತ್ತದೆ, ಶುಲ್ಕವಿಲ್ಲದೆ.

ಕೆಮ್ಮಿದರೆ ಬಸ್ಸು ಪೂರ್ತಿ ಮೌನವಾಗುತ್ತಿದ್ದ ಕಾಲವನ್ನೂ ನೋಡಿದೆವು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಪಕ್ಕದ ಕಲಬುರಗಿಯಲ್ಲಿ. ಆ ತಿಂಗಳ ಕೊನೆಗೆ ಆಯುಷ್ ಸಚಿವಾಲಯದ ಸಲಹೆ ಬಂತು: 150 ಮಿಲಿಲೀಟರ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿಣ, ದಿನಕ್ಕೆ ಒಂದೋ ಎರಡೋ ಸಲ. ಅತ್ತೆ ಗೆದ್ದರು. ಮನೆಮನೆಯಲ್ಲಿ ಕಾಢಾ ಕುದಿಯಿತು, ಮೆಣಸಿನ ಉರಿಗೆ ಎಷ್ಟೋ ಜನ ಹೊಟ್ಟೆ ಹಿಡಿದುಕೊಂಡರು. ಕುಡಿದವರಿಗೂ ಬಂತು, ಕುಡಿಯದವರಿಗೂ ಬಂತು. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಆ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅಡುಗೆಮನೆಯ ಕೈ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಆ ವರ್ಷ ನಮ್ಮ ಕಡೆ ಎಲ್ಲರಿಗೂ ತಿಳಿಯಿತು.

ಅರಿಶಿಣದ ಹೆಸರಿನಲ್ಲಿ ನಾವು ಗೆದ್ದದ್ದೂ ಉಂಟು. ಗಾಯಕ್ಕೆ ಅರಿಶಿಣ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಆದರೆ ನೆನಪಿಡಬೇಕು, ಅಲ್ಲಿ ಸಾಬೀತಾದದ್ದು ಈ ತಿಳಿವಳಿಕೆ ಹಳೆಯದು ಎಂಬುದು. ಅರಿಶಿಣ ಸರ್ವರೋಗಕ್ಕೂ ಮದ್ದು ಎಂದು ಯಾವ ಕಚೇರಿಯೂ ಮುದ್ರೆ ಒತ್ತಲಿಲ್ಲ.

ಚಹಾ ಮಾಡುವವರು ಯೋಚಿಸಬೇಕಾದ್ದು ಬೇರೆಯೇ ಇದೆ: ಪುಡಿ. ಬಣ್ಣ ಕಣ್ಣು ಕುಕ್ಕಲಿ ಎಂದು ಮೆಟಾನಿಲ್ ಯೆಲ್ಲೋ ಬೆರೆಸುವವರಿದ್ದಾರೆ. ಕೊಂಬಿಗೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಬಳಿಯುವವರಿದ್ದಾರೆ. ಲೆಡ್ ಎಂದರೆ ಸೀಸ, ಮಕ್ಕಳ ಮಿದುಳಿಗೆ ವಿಷ. ಒಂದು ಗಾಜಿನ ಲೋಟ ನೀರಿಗೆ ಕೊಂಬು ಹಾಕಿ ನೋಡಿ. ಹಾಕಿದ ಕೂಡಲೇ ನೀರು ಹಳದಿಯಾದರೆ ಬಣ್ಣ ಬಳಿದದ್ದು. ಪುಡಿಯಾದರೆ, ಒಳ್ಳೆಯದು ತಳಕ್ಕಿಳಿಯುತ್ತ ನೀರಿಗೆ ತೆಳು ಹಳದಿ ಮಾತ್ರ ಬಿಡುತ್ತದೆ. ಆಯಿ ಈ ಪರೀಕ್ಷೆ ಮಾಡಿದವಳಲ್ಲ. ಕೊಂಬು ತಂದು, ಬಿಸಿಲಿಗೆ ಹಾಕಿ, ಗಿರಣಿಗೆ ತಾನೇ ಹೋಗಿ ನಿಂತು ಬೀಸಿಸುವಳು. ಅವಳ ಹಿಂದೆ ಜೋಳ ತಂದವರು ಹಳದಿ ಹಿಟ್ಟು ಹೊತ್ತು ಬೈಯುತ್ತ ಹೋಗುವರು.

ಚಹಾ ಸೋಸಿದ ಬಿಳಿ ಬಟ್ಟೆಗೆ ಸೋಪು ಹಚ್ಚಿದರೆ ರಕ್ತದಂತೆ ಕೆಂಪಾಗುತ್ತದೆ. ನನ್ನ ಮಗಳು ಮೊದಲ ಸಲ ನೋಡಿ ಕಿರುಚಿದ್ದಳು. ಹೆದರಬೇಕಿಲ್ಲ, ಆರತಿಯ ತಟ್ಟೆಯಲ್ಲಿ ಅರಿಶಿಣದ ನೀರಿಗೆ ಸುಣ್ಣ ಬಿದ್ದಾಗ ಆಗುವುದೇ ಇಲ್ಲೂ ಆಗುವುದು, ಸೋಪಿನ ಕ್ಷಾರದಿಂದ. ಉಳಿದ ಹಳದಿ ಕಲೆಗೆ ಮದ್ದು ಬಿಸಿಲು.

ಇನ್ನು ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ದಿನವೂ ಕುಡಿಯಬಾರದು. ಶುಗರ್ ಇರುವ ನಮ್ಮತ್ತೆಯಂಥವರು “ಬೆಲ್ಲ ನಡೀತದ” ಎನ್ನುತ್ತಾರೆ. ನಡೆಯುವುದಿಲ್ಲ, ಬೆಲ್ಲವೂ ಸಕ್ಕರೆಯೇ. ಅರಿಶಿಣದ ಸಾರವೆಂದು ಡಬ್ಬಿಯಲ್ಲಿ ಬರುವ ಮಾತ್ರೆಗಳನ್ನು ನುಂಗಿ, ಅದರಲ್ಲೂ ಮೆಣಸಿನ ಸಾರ ಸೇರಿದವನ್ನು ನುಂಗಿ, ಯಕೃತ್ತು ಕೆಡಿಸಿಕೊಂಡ ಪ್ರಕರಣಗಳು ವಿದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಲೋಟದ ಚಹಾಕ್ಕೆ ಆ ಶಕ್ತಿ ಇಲ್ಲ, ಅದೇ ಅದರ ಗುಣ.

ಈಗ ನಮ್ಮ ಮನೆಯಲ್ಲಿ ಎರಡು ಪಾತ್ರೆ ಇಡುತ್ತೇನೆ. ಅತ್ತೆಗೆ ಹಾಲಿನದು, ಸಿಹಿಯಿಲ್ಲದೆ. ನನಗೆ ಬೆಲ್ಲದ ನೀರಿನದು. ಯಜಮಾನರು ಯಾವುದನ್ನೂ ಮುಟ್ಟದೆ ಹೆದ್ದಾರಿಯ ಹೋಟೆಲಿಗೆ ಹೋಗಿ ನಿಜವಾದ ಚಹಾ ಕುಡಿದು ಬರುತ್ತಾರೆ. ನೆಗಡಿ ಮೂವರದೂ ತನ್ನ ಪಾಡಿಗೆ ವಾರದೊಳಗೆ ಹೋಗುತ್ತದೆ. ಕೆಮ್ಮು ಹೋಗದೆ ಎರಡು ವಾರ ದಾಟಿತೆನ್ನಿ, ಆಗ ಖಲಬತ್ತಾ ಎತ್ತಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಕ್ಷಯಕ್ಕೆ ಕಫ ಪರೀಕ್ಷೆ ಅಲ್ಲಿ ಉಚಿತ, ಔಷಧವೂ ಉಚಿತ.