ಸುಜೂದ್‌ನಿಂದ ಏಳಲಾಗದ ಮಗು

ಮನೆಯ ಪುಟ್ಟ ಹುಡುಗ ನಿಮ್ಮ ಪಕ್ಕದಲ್ಲಿ ನಿಂತು ನಮಾಝ್ ಮಾಡುವುದನ್ನು ನೀವು ಎಷ್ಟು ಸಂತೋಷದಿಂದ ನೋಡುತ್ತೀರಿ! ಇನ್ನು ಮುಂದೆ ಅವನು ಸುಜೂದ್‌ನಿಂದ ಎದ್ದು ನಿಲ್ಲುವ ರೀತಿಯನ್ನೂ ಸ್ವಲ್ಪ ಗಮನಿಸಿ. ನಾನು ಅದನ್ನು ಗಮನಿಸಲು ಎರಡು ವರ್ಷ ತಡಮಾಡಿದೆ. ಅದಕ್ಕಾಗಿಯೇ ಈ ಬರಹ.

ಸಕಲೇಶಪುರದ ಕಾಫಿ ತೋಟದ ನಡುವೆ ನಮ್ಮ ಮನೆ. ಬಸ್ಸಿಳಿದು ಮನೆ ಸೇರಲು ಏರು ಹತ್ತಬೇಕು. ನನ್ನ ಮಗ ನಡೆಯಲು ಕಲಿತದ್ದೇ ಒಂದೂವರೆ ವರ್ಷ ಕಳೆದ ಮೇಲೆ. ನಾಲ್ಕನೇ ವಯಸ್ಸಿನಲ್ಲಿ ಆ ಏರಿನ ಅರ್ಧದಲ್ಲೇ ಕುಳಿತು, ‘ಎತ್ತಿಕೋ ಉಮ್ಮಾ’ ಎನ್ನುತ್ತಿದ್ದ. ಸೋಮಾರಿ ಎಂದು ಗದರಿದವಳು ನಾನೇ. ಅವನ ಮೀನಖಂಡಗಳು ದಪ್ಪಗೆ, ಗಟ್ಟಿಯಾಗಿದ್ದವು. ಮಲೆನಾಡಿನ ಕಾಲು ಎಂದು ನೆಂಟರು ಹೊಗಳುತ್ತಿದ್ದರು. ತೋರಿಸಿದ ವೈದ್ಯರೊಬ್ಬರು ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟು, ಬೆಳೆದಂತೆ ಸರಿಹೋಗುತ್ತದೆ ಎಂದರು. ನಾವು ನಂಬಿದೆವು.

ಕೊನೆಗೆ ಗುರುತಿಸಿದವರು ಮದ್ರಸದ ಉಸ್ತಾದರು. ‘ಈ ಮಗು ಸುಜೂದ್‌ನಿಂದ ಏಳುವಾಗ ಮೊದಲು ಕೈಗಳನ್ನು ನೆಲಕ್ಕೂರುತ್ತಾನೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ ತನ್ನ ದೇಹವನ್ನೇ ಹತ್ತಿದಂತೆ ಏಳುತ್ತಾನೆ. ಬೇರೆ ಮಕ್ಕಳು ಹೀಗೆ ಏಳುವುದಿಲ್ಲ’ ಎಂದರು. ವೈದ್ಯರು ಇದಕ್ಕೆ ಗೋವರ್ಸ್ ಚಿಹ್ನೆ ಎನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಸೊಂಟ, ತೊಡೆಗಳ ಸ್ನಾಯುಗಳು ಸೋತಾಗ ಮಗು ಕಂಡುಕೊಳ್ಳುವ ಉಪಾಯವದು.

ಹಾಸನದಲ್ಲಿ ಸಿಪಿಕೆ ಎಂಬ ರಕ್ತ ಪರೀಕ್ಷೆ ಮಾಡಿಸಿದೆವು. ಇರಬೇಕಾದುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿತ್ತು. ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಜೀನ್ ಪರೀಕ್ಷೆಯಲ್ಲಿ ರೋಗದ ಹೆಸರು ಖಚಿತವಾಯಿತು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಈ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಆದ್ದರಿಂದ ಪ್ರತಿ ಓಡಾಟದಲ್ಲೂ ಸ್ನಾಯು ಸವೆಯುತ್ತದೆ, ಸವೆದ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಜನರು ಹೊಗಳಿದ ಆ ದಪ್ಪ ಕಾಲು ರೋಗದ ಲಕ್ಷಣವಾಗಿತ್ತು.

ಆಸ್ಪತ್ರೆಯಿಂದ ಮರಳಿದ ಮೇಲೆ ಇನ್ನೊಂದು ಪರೀಕ್ಷೆ ಕಾದಿತ್ತು. ‘ಇದು ತಾಯಿಯ ಕಡೆಯಿಂದ ಬರುವ ರೋಗವಂತೆ’ ಎಂಬ ಮಾತು ಅಡುಗೆ ಮನೆಯವರೆಗೂ ಬಂತು. ಸಂಬಂಧದೊಳಗೆ ಮದುವೆಯಾದುದರ ಫಲ ಎಂದರು ಕೆಲವರು. ಯಾರದೋ ಶಾಪ ಎಂದರು ಇನ್ನು ಕೆಲವರು. ಎಷ್ಟೋ ರಾತ್ರಿ ನಾನು ಮುಸಲ್ಲಾದ ಮೇಲೆ ಕುಳಿತು ಅತ್ತಿದ್ದೇನೆ.

ಸಹೋದರಿಯರೇ, ಸತ್ಯವೇನೆಂದು ಕೇಳಿ. ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡು ಮಗುವಿಗೆ ತಾಯಿಯಿಂದ ಎಕ್ಸ್, ತಂದೆಯಿಂದ ವೈ ಸಿಗುತ್ತದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಆಸರೆಯಾಗುತ್ತದೆ. ಆದ್ದರಿಂದ ತನ್ನಲ್ಲಿ ದೋಷವಿದೆಯೆಂದು ತಾಯಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿಯಲ್ಲೂ ದೋಷವಿರುವುದಿಲ್ಲ, ಮಗುವಿನಲ್ಲೇ ಅದು ಹೊಸದಾಗಿ ಹುಟ್ಟುತ್ತದೆ. ಸಂಬಂಧದ ಮದುವೆ ಈ ರೋಗಕ್ಕೆ ಕಾರಣವಲ್ಲ. ಸ್ನಾಯು ದುರ್ಬಲವಾಗುವ ಬೇರೆ ಕೆಲವು ಆನುವಂಶಿಕ ರೋಗಗಳಲ್ಲಿ ರಕ್ತ ಸಂಬಂಧದ ಮದುವೆ ಅಪಾಯವನ್ನು ಹೆಚ್ಚಿಸುತ್ತದೆ, ನಿಜ. ಅದಕ್ಕೇ ಊಹೆ ಬಿಟ್ಟು ಪರೀಕ್ಷೆ ಮಾಡಿಸಬೇಕು. ಗರ್ಭದಲ್ಲಿ ಯಾವ ಜೀನ್ ಯಾರಿಗೆ ಹೋಗಬೇಕೆಂದು ಆರಿಸುವ ಅಧಿಕಾರವನ್ನು ಅಲ್ಲಾಹನು ಯಾವ ತಾಯಿಗೂ ಕೊಟ್ಟಿಲ್ಲ. ಹಾಗಿರುವಾಗ ಅವಳ ಮೇಲೆ ಅಪರಾಧ ಹೊರಿಸುವುದು ನ್ಯಾಯವೇ?

ತಾಯಿ ವಾಹಕಳಾಗಿದ್ದರೆ ಹುಟ್ಟುವ ಪ್ರತಿ ಗಂಡು ಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧದಷ್ಟು, ಪ್ರತಿ ಹೆಣ್ಣು ಮಗು ವಾಹಕಳಾಗುವ ಸಾಧ್ಯತೆಯೂ ಅರ್ಧದಷ್ಟು. ಆದ್ದರಿಂದ ಅಕ್ಕತಂಗಿಯರಿಂದ ವಿಷಯವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅವರ ಮಡಿಲಲ್ಲೂ ಇದೇ ನೋವು ತಿಳಿಯದೆ ಬಂದು ಬೀಳಬಹುದು. ವಾಹಕಳಾದ ಹೆಣ್ಣು ತನ್ನ ಹೃದಯವನ್ನೂ ಪರೀಕ್ಷಿಸಿಕೊಳ್ಳುತ್ತಿರಬೇಕು.

ಈ ರೋಗವನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಆದರೆ ಮಾಡಬಹುದಾದದ್ದು ಬಹಳಷ್ಟಿದೆ. ವೈದ್ಯರ ಸಲಹೆಯಂತೆ ಕೊಡುವ ಸ್ಟಿರಾಯ್ಡ್ ಮಾತ್ರೆಯಿಂದ ನಡೆದಾಡುವ ಕಾಲ ಕೆಲವು ವರ್ಷ ಮುಂದಕ್ಕೆ ಹೋಗುತ್ತದೆ. ಅದನ್ನು ನಾವಾಗಿ ಥಟ್ಟನೆ ನಿಲ್ಲಿಸುವುದು ಅಪಾಯ. ದಿನವೂ ಕಾಲಿನ ಹಿಮ್ಮಡಿಯನ್ನು ಮೃದುವಾಗಿ ಎಳೆದು ವ್ಯಾಯಾಮ ಮಾಡಿಸಬೇಕು. ಶಕ್ತಿ ಬರಲೆಂದು ಏರು ಹತ್ತಿಸಿ ದಣಿಸಬಾರದು. ನಾನು ಹಾಗೆ ಹತ್ತಿಸಿದ್ದೆ, ಅಲ್ಲಾಹನು ಕ್ಷಮಿಸಲಿ. ಹೃದಯ ಮತ್ತು ಉಸಿರಾಟದ ತಪಾಸಣೆಯನ್ನು ತಪ್ಪಿಸಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಈ ರೋಗದ ಹೆಸರಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಲು ನಾಚಿಕೆಪಡಬೇಡಿ. ಅದು ಭಿಕ್ಷೆಯಲ್ಲ, ಮಗುವಿನ ಹಕ್ಕು.

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾನೆ. ಏರಿನಲ್ಲಿ ಅವನ ಬಾಪ ಕುರ್ಚಿಯನ್ನು ತಳ್ಳುತ್ತಾರೆ, ಮಳೆಗಾಲದಲ್ಲಿ ಅವನನ್ನು ಬೆನ್ನ ಮೇಲೆ ಹೊರುತ್ತಾರೆ. ಒಂದು ದಿನ ಅವನು ಕೇಳಿದ: ‘ಉಮ್ಮಾ, ಕುಳಿತು ಮಾಡಿದ ನಮಾಝನ್ನು ಅಲ್ಲಾಹನು ಸ್ವೀಕರಿಸುತ್ತಾನಾ?’ ನಿಲ್ಲಲಾಗದವನು ಕುಳಿತು, ಅದೂ ಆಗದವನು ಮಲಗಿ ನಮಾಝ್ ಮಾಡಲು ಪ್ರವಾದಿವರ್ಯರು(ಸ) ಅನುಮತಿಸಿದ್ದನ್ನು ಹೇಳಿದೆ. ಅವನ ಮುಖ ಅರಳಿತು. ಈಗ ಕುರ್ಚಿಯಲ್ಲೇ ಬಾಗಿ ಸುಜೂದ್ ಮಾಡುತ್ತಾನೆ.

ನಿಮ್ಮ ನೆರೆಯಲ್ಲಿ ಪದೇ ಪದೇ ಬೀಳುವ, ಮೆಟ್ಟಿಲು ಹತ್ತಲಾಗದ ಹುಡುಗನಿದ್ದರೆ ಸೋಮಾರಿ ಎನ್ನುವ ಮೊದಲು ಅವನು ನೆಲದಿಂದ ಏಳುವುದನ್ನು ನೋಡಿ. ಅವನ ತಾಯಿಯ ಕಿವಿಗೆ ಮೆಲ್ಲಗೆ ವಿಷಯ ತಿಳಿಸಿ. ಅವಳನ್ನು ದೂರುವವರಿದ್ದರೆ ಅವರಿಗೂ ತಿಳಿಸಿ. ನಮ್ಮ ಮಗನಿಗಾಗಿ ದುಆ ಮಾಡಲು ಮರೆಯದಿರಿ.