ನಾಲ್ಕಾಣೆ ಬಹುಮಾನ

ಫಸ್ಟ್ ಸೆಮ್ ಕೆಮಿಸ್ಟ್ರಿ ಇಂಟರ್ನಲ್ಸ್‌ನಲ್ಲಿ ನನಗೆ ಬಂದಿದ್ದು 30ಕ್ಕೆ 9. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿಯನ್ನು ಉರು ಹೊಡೆದು ದಾಟಿದವನು ನಾನು. ವಿಷಯ ಗೊತ್ತಿತ್ತು, ಬರೆಯೋಕೆ ವಾಕ್ಯ ಬರಲಿಲ್ಲ. ರೂಮಲ್ಲಿ ಮುಸುಕು ಹಾಕಿ ಮಲಗಿದ್ದಾಗ ಸೀನಿಯರ್ ಅಣ್ಣ ಬಂದು, "ಸಿ.ಎನ್.ಆರ್. ರಾವ್ ಕೂಡ ಕನ್ನಡ ಮೀಡಿಯಂ ಕಣೋ. ಭಾರತರತ್ನ ಬಂತು. ಏಳು, ಊಟಕ್ಕೆ ಹೋಗೋಣ" ಅಂದ.

ಊಟ ಮುಗಿಸಿ ಅವರ ಬಗ್ಗೆ ಓದುತ್ತಾ ಕೂತೆ.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್ ಒಬ್ಬನೇ ಮಗ. ತಂದೆ ಹನುಮಂತ ನಾಗೇಶ ರಾಯರು ಶಾಲಾ ಇನ್‌ಸ್ಪೆಕ್ಟರ್. ಹುಡುಗ ಪ್ರೈಮರಿ ಶಾಲೆಗೆ ಹೋಗಲೇ ಇಲ್ಲ. ತಾಯಿ ನಾಗಮ್ಮನವರೇ ಮನೆಯಲ್ಲಿ ಲೆಕ್ಕ ಕಲಿಸಿದರು. ಆರನೇ ವಯಸ್ಸಿಗೆ ನೇರ ಮಿಡ್ಲ್ ಸ್ಕೂಲು. 1944ರಲ್ಲಿ ಏಳನೇ ತರಗತಿ ಫಸ್ಟ್ ಕ್ಲಾಸ್‌ನಲ್ಲಿ ಪಾಸಾದಾಗ ಅಪ್ಪ ಕೊಟ್ಟ ಬಹುಮಾನ ನಾಲ್ಕಾಣೆ. ಆಮೇಲೆ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮ. ಅಲ್ಲಿಂದ ಸೆಂಟ್ರಲ್ ಕಾಲೇಜು, ಬನಾರಸ್, ಅಮೆರಿಕದ ಪರ್ಡ್ಯೂ. 1958ರಲ್ಲಿ ಪಿಎಚ್.ಡಿ. ಮುಗಿದಾಗ ವಯಸ್ಸು 24. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಹೋಗಿ, 1976ರಲ್ಲಿ ಮತ್ತೆ ಇಲ್ಲಿಗೇ ಬಂದು, 1984ರಿಂದ ಹತ್ತು ವರ್ಷ ಸಂಸ್ಥೆಯ ನಿರ್ದೇಶಕರಾಗಿದ್ದರು. ಆಕ್ಸೈಡ್‌ಗಳಂಥ ಘನವಸ್ತುಗಳ ರಚನೆಗೂ ಗುಣಕ್ಕೂ ಇರುವ ನಂಟನ್ನು ಹುಡುಕುವುದು ಅವರ ಸಂಶೋಧನೆ.

ಆದರೆ ಒಂದು ವಿಷಯ ಅಣ್ಣ ಹೇಳಿರಲಿಲ್ಲ. ಕನ್ನಡ ಮೀಡಿಯಂಗೆ ಸೇರಿಸಿದ ಅದೇ ಅಪ್ಪ ಮನೆಯಲ್ಲಿ ಮಗನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರಂತೆ! ನನ್ನ ಸಮಾಧಾನ ಅಲ್ಲಿಗೆ ಅರ್ಧ ಇಳೀತು. ನಮ್ಮಪ್ಪ ರೇಷ್ಮೆ ಸಾಕೋರು. ನಮ್ಮನೇಲಿ ಇಂಗ್ಲಿಷಲ್ಲಿ ಮಾತಾಡೋಕೆ ಯಾರಿದ್ದಾರೆ?

ಇನ್ನೊಂದು ವಿಷಯವೂ ಸಿಕ್ಕಿತು. ಕ್ಲಾಸಿಗೇ ಚಿಕ್ಕವರಾಗಿದ್ದರೂ ರಾವ್ ಜೊತೆಯವರಿಗೆ ಲೆಕ್ಕ, ಇಂಗ್ಲಿಷ್ ಹೇಳಿಕೊಡುತ್ತಿದ್ದರಂತೆ. ಅಂದ್ರೆ ಆ ಜೊತೆಯವರಿಗೂ ಮನೇಲಿ ಇಂಗ್ಲಿಷ್ ಇರಲಿಲ್ಲ. ಪಕ್ಕದಲ್ಲಿ ಕೂತವನಿಂದ ಕಲಿತರು. ಹೋಗಿ ಪಕ್ಕದ ರೂಮಿನ ಬಾಗಿಲು ತಟ್ಟಿದೆ. ಅಲ್ಲಿರೋ ಗೆಳೆಯನಿಗೆ ಇಂಗ್ಲಿಷ್ ಸಲೀಸು, ಇಂಟಿಗ್ರೇಶನ್ ಅಂದ್ರೆ ಭಯ. ನನ್ನದು ಉಲ್ಟಾ. ಈಗ ದಿನಾ ರಾತ್ರಿ ಒಟ್ಟಿಗೆ ಕೂರ್ತೀವಿ. ಅವನು ನನ್ನ ಉತ್ತರ ತಿದ್ದುತ್ತಾನೆ, ನಾನು ಅವನಿಗೆ ಇಂಟಿಗ್ರೇಶನ್ನನ್ನು ಕನ್ನಡದಲ್ಲೇ ಹೇಳಿಕೊಡ್ತೀನಿ.

ಎರಡನೇ ಇಂಟರ್ನಲ್ಸ್‌ನಲ್ಲಿ 17 ಬಂತು. ಅಪ್ಪನಿಗೆ ಫೋನ್ ಮಾಡಿ ನಾಲ್ಕಾಣೆ ಕಥೆ ಹೇಳಿ, ನನಗೂ ಕೊಡು ಅಂದೆ.

"ನಾಲ್ಕಾಣೆ ಈಗ ಎಲ್ಲಿ ನಡೀತದೆ ಮಗಾ?" ಅಂದ ಅಪ್ಪ. "ಗೂಡು ಮಾರಿದ ಮೇಲೆ ಐನೂರು ಹಾಕಿಸ್ತೀನಿ ಬಿಡು."